ಹೌದು ಇಲ್ಲದ ಭಾಷೆ

ಲ್ಯಾಟಿನ್ ಅಂದರೆ ನನಗೆ ಒಣಗಿದ ಎಲೆಯ ಕೆಳಗಿನ ಚೀಟಿ.
ಕಾಲೇಜಿನ ಸಸ್ಯಸಂಗ್ರಹದಲ್ಲಿ ಹದಿನೇಳು ವರ್ಷ
ಗೋಂದು ಹಚ್ಚಿ, ನುಸಿಗುಳಿಗೆ ಇಟ್ಟು,
ಅಶೋಕಕ್ಕೆ, ಸುರಗಿಗೆ, ವಾಟೆಬಿದಿರಿಗೆ
ಎರಡೆರಡು ಹೆಸರು ಬರೆದು ಬೀರುವಿಗೆ ಸೇರಿಸಿದವನು.
ಒಂದನ್ನೂ ಬಾಯಿಬಿಟ್ಟು ಕರೆದಿರಲಿಲ್ಲ.
ಕರೆದರೆ ಓಗೊಡುವವರು ಯಾರು?

ತಿಲಕನಗರದಲ್ಲಿ, ಬಾಗಿಲು ಹಾಕಿದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಹಡಿ.
ಭಾನುವಾರ ನಾಲ್ಕಕ್ಕೆ ಸರಿಯಾಗಿ
ಬಲ್ತಜಾರ್ ಸಿಕ್ವೇರಾ ಮೇಷ್ಟ್ರು ಕುರ್ಚಿಯೊಂದನ್ನು ಎತ್ತಿಹಿಡಿದು
ಕ್ವಿದ್ ಎಸ್ತ್ ಹೊಕ್? ಇದೇನು?
ಸೆಲ್ಲಾ, ಅನ್ನಬೇಕು.
ಕುರ್ಚಿ ಅಂದರೆ ಐದು ರೂಪಾಯಿ ದಂಡ, ತಗಡಿನ ಡಬ್ಬಿಗೆ.
ಪಾದ್ರಿಯಾಗಲು ಹೋಗಿ ಆರನೇ ವರ್ಷ ವಾಪಸಾದವರು ಅವರು.
"ದೇವರು ಅಲ್ಲೇ ಉಳಿದ, ಭಾಷೆ ನನ್ನ ಜೊತೆ ಬಸ್ಸು ಹತ್ತಿತು"
ಎಂದು ಒಮ್ಮೆ ಕನ್ನಡದಲ್ಲಿ ಹೇಳಿ
ತಾವೇ ಐದು ರೂಪಾಯಿ ಹಾಕಿದರು.
ಗ್ರೀಕ್ ಮುಂದಿನ ವರ್ಷಕ್ಕೆ, ಬದುಕಿದ್ದರೆ.

ನಾವು ನಾಲ್ವರು: ನಾನು,
ನೋಟರಿ ಆಫೀಸಿನ ಜಲಜಾಕ್ಷಿ,
ನರ್ಸಿಂಗ್ ಓದಲು ಭದ್ರಾವತಿಯಿಂದ ಬರುವ ಮುಬೀನಾ,
ಮೇಷ್ಟ್ರನ್ನು ಆಟೋದಲ್ಲಿ ತಂದು ಬಿಟ್ಟು
ಚಿಲ್ಲರೆಗೆ ಕಾಯುತ್ತ ಕೂತ ಹಾಲೇಶಿ.
ಇನ್ನೂ ಎದ್ದಿಲ್ಲ.

ಮಂಡಕ್ಕಿಗೆ ಲ್ಯಾಟಿನ್ನಿನಲ್ಲಿ ಏನನ್ನಬೇಕು?
ಒಂದಿಡೀ ಸಂಜೆ ಅದಕ್ಕೇ ಹೋಯಿತು.
ಒರಿಜಾ, ಭತ್ತ, ನನ್ನ ಚೀಟಿಯಲ್ಲಿತ್ತು.
ವೆಂತುಸ್ ಗಾಳಿ, ಅದು ಹಾಲೇಶಿಗೆ ಗೊತ್ತಿತ್ತು.
ಗಾಳಿ ಹೊಕ್ಕ ಅಕ್ಕಿ: ಒರಿಜಾ ವೆಂತೋಸಾ!
ಎರಡು ಸಾವಿರ ವರ್ಷ ಮಿರ್ಚಿ ಕಾಣದ ಭಾಷೆಗೆ
ಆವತ್ತು ಖಾರ ಹತ್ತಿ ಮೂಗಲ್ಲಿ ನೀರು.

ಹೌದು ಅನ್ನುವುದಕ್ಕೆ ಇಲ್ಲಿ ಸರಿಯಾದ ಪದವಿಲ್ಲ.
ಕೇಳಿದ ಕ್ರಿಯಾಪದವನ್ನೇ ತಿರುಗಿ ಕೊಡಬೇಕು.
ಬಂದೆಯಾ? ಬಂದೆ.
ಕೊಟ್ಟೆಯಾ? ಕೊಟ್ಟೆ.
ನಮಗೇನು ಇದು ಹೊಸದೇ?
'ನನಗೆ ತಮ್ಮ ಇದ್ದಾನೆ' ಅನ್ನುವಾಗಲೂ
ಅದೇ ನಮ್ಮ 'ಗೆ', ಅದೇ ಚತುರ್ಥಿ: ಮಿಹಿ.
ತಮ್ಮನನ್ನು ಯಾರೂ ಹೊಂದಬೇಕಾಗಿಲ್ಲ,
ಇದ್ದರೆ ಸಾಕು.

ಎಸ್ತ್, ಇದೆ. ಎರಾತ್, ಇತ್ತು.
ಮಾರಿಹೋದ ಮಷೀನಿನ ಖಾಲಿ ಮೇಜು ತೋರಿಸಿ ಕಲಿಸಿದ್ದರು.

ಮುಬೀನಾ ಎರಡು ವಾರ ಬಂದಿರಲಿಲ್ಲ.
ಮೂರನೇ ವಾರ, ಒಬ್ಬರನ್ನೊಬ್ಬರು ಕೇಳುವ ಪಾಠ.
ಕ್ವೊತ್ ಫ್ರಾತ್ರೇಸ್ ತಿಬಿ ಸುಂತ್?
ನಿನಗೆ ಅಣ್ಣತಮ್ಮಂದಿರು ಎಷ್ಟು?
ನನಗೆ ಮೂವರು. ಜಲಜಾಕ್ಷಿಗೆ ಯಾರೂ ಇಲ್ಲ.
ಉನುಸ್ ಮಿಹಿ ಎರಾತ್, ಅಂದಳು ಮುಬೀನಾ.
ಎಸ್ತ್, ಮೆಲ್ಲಗೆ ತಿದ್ದಿದರು ಮೇಷ್ಟ್ರು.
ಎರಾತ್.
ಹಲಗೆಯಲ್ಲಿ ಎರಡನ್ನೂ ಬರೆದು
ಎಸ್ತ್ ಕೆಳಗೆ ಗೆರೆ ಎಳೆಯುತ್ತಿದ್ದ ಸೀಮೆಸುಣ್ಣ
ಅರ್ಧಕ್ಕೆ ನಿಂತಿತು.
ಎರಾತ್, ಅಂದಳು ಇನ್ನೊಮ್ಮೆ,
ಎಲ್ಲೂ ತಪ್ಪಿಲ್ಲದ ವಾಕ್ಯ.

ಸತ್ತವರಿಗೆ ಹೇಳುವ ಲ್ಯಾಟಿನ್ ಮೇಷ್ಟ್ರಿಗೆ ಬಾಯಿಪಾಠ.
ಉಳಿದವಳಿಗೆ ಹೇಳುವುದು ಬರಲಿಲ್ಲ.
ನಾನು ಡಬ್ಬಿಯ ಕಡೆ ನೋಡಿದೆ.
ಐದಲ್ಲ, ಐನೂರು ಹಾಕಿದ್ದರೂ
ಕನ್ನಡದಲ್ಲಾದರೂ ಏನಿತ್ತು?

ಹಾಲೇಶಿ, ಆರು ವಿಭಕ್ತಿಯಲ್ಲಿ ಎರಡೇ ಬರುವವನು,
ಗಂಟಲು ಸರಿಮಾಡಿಕೊಂಡು,
ಇರಬೇಕಾದ ಪ್ರತ್ಯಯ ನುಂಗಿ,
ನಮ್ಮ ಊರಿನ ರಾಗದಲ್ಲೇ ಕೊನೆ ಎತ್ತಿ ಕೇಳಿದ:
ಏದಿಸ್ತಿ?
ಊಟ ಆಯ್ತಾ.

ಅವಳು ಕ್ರಿಯಾಪದ ಹುಡುಕಿದಳು. ಸಿಕ್ಕಿತು.
ನೋನ್ ಏದಿ.

ಆಟೋದಲ್ಲಿ ಐವರು ಒತ್ತಿಕೊಂಡು ಕೂತೆವು.
ಮೇಷ್ಟ್ರ ತೊಡೆಯ ಮೇಲೆ ಡಬ್ಬಿ,
ಅಷ್ಟು ವಾರ ನಾವು ಬಾಯಿತಪ್ಪಿ ಆಡಿದ ಕನ್ನಡವೆಲ್ಲ
ಪ್ರತಿ ಹಂಪಿಗೂ ಕುಲುಕುತ್ತಿತ್ತು.