ಏಳು ಎಣಿಸುವಷ್ಟು ಹೊತ್ತು

ಬರ್ಗನ್ನಿನ ರಂಗಮಂದಿರದಲ್ಲಿ ನನ್ನದು ನೆಲದೊಳಗಿನ ಗೂಡು,
ಮರೆತವರಿಗೆ ಮಾತು ಎತ್ತಿಕೊಡುವ ಕೆಲಸ.
ಐಲಿಫ್ ಸ್ಕಾರ್ಬೋ ಮರೆತವನಲ್ಲ.
ಮೇಲಂಗಿಯ ಗುಂಡಿ ತಡಕುತ್ತ, ನಡುವಾಕ್ಯದಲ್ಲಿ
ಗಕ್ಕನೆ ನಿಲ್ಲುವನು.
ಒಂದು, ಎರಡು… ಏಳು.
ಆಮೇಲೆ ಹುಬ್ಬು. ಆಮೇಲೆ ಇಡೀ ಸಭೆ
ಹೊಟ್ಟೆ ಹಿಡಿದುಕೊಂಡು ನಗುವುದು.

ಆ ಮೌನದ ಮೇಲೆ ಪತ್ರಿಕೆಗಳು ಪುಟಗಟ್ಟಲೆ ಬರೆದವು.
ನಾನು ಸೇರಿದ ಹೊಸತು, ನನಗೇನು ಗೊತ್ತು,
ಮೂರಕ್ಕೇ ಸಾಲು ಪಿಸುಗುಟ್ಟಿಬಿಟ್ಟೆ.
ಬಣ್ಣದ ಅಡಿಯಲ್ಲೂ ಅವನ ಮುಖ ಸುಣ್ಣವಾಯಿತು.

ಆಟ ಮುಗಿದ ಮೇಲೆ
ಹೆರಿಂಗ್ ಮೀನಿನ ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದ:
"ಯುದ್ಧದ ಮೂರನೇ ಚಳಿಗಾಲ. ಹಗಲು ಸೂಜಿ ಮಾರುವವನು.
ರಾತ್ರಿ ಕೊನೇ ಮಹಡಿಯಲ್ಲಿ ವೈರ್‌ಲೆಸ್ಸು,
ಕೊಲ್ಲಿಯಲ್ಲಿ ಜರ್ಮನ್ ಹಡಗು ಎಷ್ಟೆಂದು
ಕಟಕಟ ಕಳಿಸುತ್ತಿದ್ದೆ.
ಮೆಟ್ಟಿಲ ಮೇಲೆ ಬೂಟು.
ಬೆರಳು ಎತ್ತಿದೆ. ಏಳು ಎಣಿಸಿದೆ.
ಒಡೆದದ್ದು ಎದುರು ಮನೆಯ ಬಾಗಿಲು."

ತಟ್ಟೆ ಮತ್ತೆ ಹತ್ತಿರ ಎಳೆದುಕೊಂಡ, ತಿನ್ನಲಿಲ್ಲ.
"ನನಗೆ ನಗು ಬಂತು, ರಾಗ್ನಿ.
ಬಾಯಿಗೆ ತೋಳು ತುರುಕಿಕೊಂಡು ನಕ್ಕೆ."

ನಾಳೆ ಮುನ್ನೂರನೆಯ ಪ್ರದರ್ಶನ.
ಆ ಪುಟ ಬಂದಾಗ ದೀಪ ತಗ್ಗಿಸಿ
ತುಟಿ ಕಚ್ಚಿ ಕೂರುತ್ತೇನೆ.
ಎದುರು ಮನೆಯಲ್ಲಿ ಯಾರಿದ್ದರೆಂದು
ಕೇಳಿಲ್ಲ.