ಲೆಕ್ಕದಲ್ಲಿಲ್ಲದ ಬೆಸುಗೆ

ಕಾಗದದಲ್ಲಿ ಎರಡೇ ಸಲ ಎಂದಿತ್ತು.
ಎಡ ಒಡಲಿನ ಎಂಜಿನ್ ಪೀಠದ ಕೆಳಗೆ,
ಹದಿನೇಳನೆಯ ಪಕ್ಕೆಲುಬು, ಅಂಗೈಯಗಲದ ಮೂಲೆ:
ಬಿರುಕು, ಬೆಸುಗೆ. ಬಿರುಕು, ಬೆಸುಗೆ.
ಮೂರನೆಯದಕ್ಕೆ ನನ್ನನ್ನು ಕರೆದಿದ್ದರು.

ಹೊರಗೆ ಮೋಲೊಯ್ ಬಂದರು, ಜನವರಿ,
ಹತ್ತಕ್ಕೆ ಬೆಳಗಾಗಿ ನಾಲ್ಕರೊಳಗೆ ಮುಗಿಯುವ ಹಗಲು.
ಫೆರ್ರಿ ಮಂಗಳವಾರ ನೀರಿಗಿಳಿಯಬೇಕು, ರಗ್ನ್‌ಫ್ರಿಡ್,
ದ್ವೀಪದ ಹನ್ನೊಂದು ಮಕ್ಕಳು ಶಾಲೆಗೆ ಬರಬೇಕು,
ಕ್ಯಾಪ್ಟನ್ ಐಲರ್ಟ್ ಆಗಲೇ ನಾಲ್ಕು ಸಲ ಹೇಳಿದ್ದ.

ಕೆಂಪು ದ್ರವ ಹಚ್ಚಿದೆ, ಒರೆಸಿದೆ, ಬಿಳಿ ಪುಡಿ ಊದಿದೆ.
ಕೂದಲೆಳೆಯಂಥ ಗೆರೆ ಮೆಲ್ಲಗೆ ಮೇಲೆ ಬಂತು,
ಬೆಸುಗೆಯ ಮೇಲಲ್ಲ, ಅದರ ಅಂಚಿನಲ್ಲಿ.
ಅಲ್ಲಿ ಲೋಹ ಕರಗಿರುವುದಿಲ್ಲ, ಬರೀ ಬೆಂದಿರುತ್ತದೆ.
ಪ್ರತಿ ದುರಸ್ತಿಗೂ ಆ ಮೆತ್ತನೆ
ಇನ್ನೊಂದಿಷ್ಟು ಹಬ್ಬುತ್ತದೆ.

ಉಕ್ಕಾದರೆ ಕೆಂಪಗಾಗಿ ಹೇಳುತ್ತದೆ, ಸಾಕು ಎಂದು.
ಇದು ಬಣ್ಣ ಬದಲಿಸದು; ಬೆಳ್ಳಗೇ ಇದ್ದು
ಇದ್ದಕ್ಕಿದ್ದಂತೆ ಕಾಲಬುಡಕ್ಕೆ ಸುರಿಯುತ್ತದೆ.
ಉಕ್ಕಿಗೆ ಕ್ಷಮೆಯ ಒಂದು ಗೆರೆಯೂ ಉಂಟು,
ಅದರ ಕೆಳಗಿನ ಸಣ್ಣಪುಟ್ಟ ನಡುಕ ಅದಕ್ಕೆ ನೆನಪಿರದು.
ಅಲ್ಯೂಮಿನಿಯಂ ಹಾಗಲ್ಲ. ಒಂದೊಂದು ಅಲೆಯನ್ನೂ
ಬರೆದಿಟ್ಟುಕೊಳ್ಳುತ್ತದೆ, ಬಿಡಿಗಾಸು ಬಿಡದ ಸಾಲಗಾರನಂತೆ.

ಹಿಂಬದಿಯ ದಪ್ಪ ಬಣ್ಣ ಕೆರೆದೆ.
ಅಲ್ಲೊಂದು ಬೆಸುಗೆ. ಅದರ ಪಕ್ಕ ಇನ್ನೊಂದು.
ಯಾವ ಕಾಗದದಲ್ಲೂ ಇಲ್ಲ.
ಮೀನಿನ ಹುರುಪೆಯಂತೆ ಸಾಲು ತಪ್ಪದ ಅಲೆ,
ಕೊನೆಯಲ್ಲಿ ಎಡಕ್ಕೊಂದು ಪುಟ್ಟ ಕೊಕ್ಕೆ.
ಅಕ್ಷರ ನೋಡಿ ಬರೆದವರು ಯಾರೆಂದು ತಿಳಿದಂತೆ ತಿಳಿಯಿತು:
ಓಡ್ಮುಂಡ್.
ಟಾರ್ಚ್ ಹಿಡಿಯುವುದು ಹೇಗೆಂದು
ನನ್ನ ಮಣಿಕಟ್ಟು ಹಿಡಿದು ತೋರಿಸಿದವನು.

ಬೆಸೆಯಲಿಲ್ಲ. ಒಂದು ಮೊಳ ಅಗಲ,
ಬೆಂಕಿ ಕಾಣದ ಲೋಹ ಸಿಗುವವರೆಗೆ ಕತ್ತರಿಸಿದೆ.
ಮಂಗಳವಾರ, ಎಂದ ಐಲರ್ಟ್.
ಶುಕ್ರವಾರ, ಎಂದೆ.

ಕೆಲಸ ಬಿಟ್ಟು ಆರು ವರ್ಷವಾದರೂ
ಓಡ್ಮುಂಡ್ ಹನ್ನೊಂದಕ್ಕೆ ಕಾಫಿಗೆ ಬರುತ್ತಾನೆ, ತನ್ನದೇ ಲೋಟ ತಂದು.
ತುಂಡನ್ನು ಸಕ್ಕರೆ ಡಬ್ಬಿಯ ಪಕ್ಕ ಇಟ್ಟೆ.
ಹೆಬ್ಬೆರಳು ಹಾಯಿಸಿದ, ಕೊಕ್ಕೆಯ ತನಕ.
"ಆವಾಗಲೂ ಮಂಗಳವಾರವೇ," ಎಂದ.
ಆಮೇಲೆ, ಲೋಟ ಅರ್ಧ ಆದ ಮೇಲೆ,
"ಬೆಸುಗೆ ಮಾತ್ರ ಚೆನ್ನಾಗಿದೆ, ಅಲ್ವಾ?"

ಚೆನ್ನಾಗಿತ್ತು.
ಬಿರುಕು ಅದರ ಪಕ್ಕದಲ್ಲಿತ್ತು.