ಕಚ್ಚಾ ಹೊಲಿಗೆ

ಮೊದಲು ಅಳತೆ ತೆಗೆದದ್ದು ಅವಳೇ.
ಕೊರಳಿಗೆ ಟೇಪು, ತುಟಿಯಲ್ಲಿ ಎರಡು ಗುಂಡುಸೂಜಿ,
ಗಾಲಿಕುರ್ಚಿಯಲ್ಲಿ ಕೂತೇ ಅಕ್ಕ ಎಟೆರಿ
ಮನೆಯ ಭುಜ ಅಳೆದಳು, ಸೊಂಟ ಅಳೆದಳು.
"ಬಚ್ಚಲ ಬಾಗಿಲು ಐವತ್ತೆಂಟು. ನಾನು ಅರವತ್ತಮೂರು.
ಬರಕೋ ಅಂಝೋರ್, ಈ ಅಂಗಿ ಕಂಕುಳಲ್ಲಿ ಬಿಗಿ."

ಮೂವತ್ತು ವರ್ಷ ವಾರ್ಕೆತಿಲಿಯ ಗಂಡಸರ ಹೊಟ್ಟೆಗಳನ್ನು
ಕೋಟಿನೊಳಗೆ ಮರ್ಯಾದೆಯಿಂದ ಕೂರಿಸಿದವಳು.
ಬೆನ್ನುಹುರಿಯ ಗೆಡ್ಡೆ ತೆಗೆದ ಮೇಲೆ
ಕಾಲೆರಡೂ ಹೊಲಿಯಲು ಕೊಟ್ಟು ಮರೆತುಹೋದ
ಯಾರದೋ ಬಟ್ಟೆಯ ಹಾಗೆ
ಮಡಿಲಿಂದ ಇಳಿಬಿದ್ದಿವೆ.

ಮನೆಯೊಡತಿ ಝುಝುನಾ ಬೇಡವೆನ್ನಲಿಲ್ಲ.
"ಮಾಡಿಕೊಳ್ಳಿ. ಬಿಟ್ಟು ಹೋಗುವಾಗ ಮಾತ್ರ
ಹೇಗಿತ್ತೋ ಹಾಗೆ."
ಗೋಡೆಗೆ ಮೊಳೆ ಕೂಡದು, ಸಿಮೆಂಟು ಕೂಡದು,
ಮಾವ ಕೈಯಾರೆ ಜೋಡಿಸಿದ ಮರದ ನೆಲ,
ಅದಕ್ಕೆ ಗೀರು ಕೂಡದು.
ಎರಡು ತಿಂಗಳ ಮುಂಗಡ ಅವಳ ಬೀರುವಿನಲ್ಲಿದೆ.

"ಹಾಗಾದರೆ ಕಚ್ಚಾ ಹೊಲಿಗೆ" ಎಂದಳು ಎಟೆರಿ,
"ಎಳೆದರೆ ಬಿಚ್ಚಿ ಬರಬೇಕು, ಗುರುತೂ ಉಳಿಯಬಾರದು."

ಬಚ್ಚಲ ಬಾಗಿಲನ್ನು ಬಿಜಾಗರಿಯಿಂದ ಕಳಚಿ ಮಂಚದ ಹಿಂದೆ ನಿಲ್ಲಿಸಿದೆ.
ಅದರ ಜಾಗಕ್ಕೆ ಪರದೆ, ಯಾವುದೋ ಕೋಟಿನ ಉಳಿದ ಬೂದು ಅಸ್ತರು.
ಚೌಕಟ್ಟಿನ ಪಟ್ಟಿಗಳನ್ನೂ ಬಿಡಿಸಿದ ಮೇಲೆ ಅರವತ್ತನಾಲ್ಕು.
ಒಂದೇ ಸೆಂಟಿಮೀಟರು ಮಿಕ್ಕಿತು,
ಅದರಲ್ಲಿ ದಿನಾ ಅವಳ ಗೆಣ್ಣಿನ ಚರ್ಮ ಸುಲಿಯುತ್ತದೆ.
ಮಂಚದ ಕಾಲಿಗೆ ನಾಲ್ಕು ದಿಮ್ಮಿ ಕೊಟ್ಟೆ.
ಹಿಡಿದು ಏಳಲು ನೆಲಕ್ಕೂ ಸೂರಿಗೂ ನಡುವೆ
ಮೊಳೆಯಿಲ್ಲದೆ, ಬರೀ ಒತ್ತಡದಿಂದ ನಿಂತ ಕಂಬ.
(ನಾವಿಬ್ಬರೂ ಹೀಗೇ ನಿಂತಿದ್ದೇವೆ ಎಂದು
ಹೇಳಹೋಗಿ ಸುಮ್ಮನಾದೆ. ಅವಳಿಗೆ ಇಂಥ ಮಾತು ಆಗದು.)

ಕೊನೆಗೆ ಹೊಸ್ತಿಲು.
ನಾಲ್ಕು ಬೆರಳೆತ್ತರದ ಓಕ್, ನಡುವೆ ಸವೆದು ಗುಳಿ.
ಕೀಳುವಾಗ ಮುದುಕನ ಹಲ್ಲಿನಂತೆ ಸದ್ದು ಮಾಡಿತು.
ಹಳೇ ಪತ್ರಿಕೆಯಲ್ಲಿ ಸುತ್ತಿದೆ. ಮೇಲೆ ಎಟೆರಿ
ಗಿರಾಕಿ ಬಟ್ಟೆಗೆ ಹಾಕುವ ಸೀಮೆಸುಣ್ಣದಲ್ಲೇ ಬರೆದಳು:
ಝುಝುನಾ. ಬಾಗಿಲು. ಅವಸರವಿಲ್ಲ.

ಮನೆ ಆಯಿತು. ಹೊರಗೆ ಯಾರ ಮನೆ?
ಲಿಫ್ಟಿಗೆ ಏರಲು ಚಿಲ್ಲರೆ ಹಾಕಬೇಕು, ಇಳಿಯುವುದು ಪುಕ್ಕಟೆ.
ಕೆಳಗೆ ಅಂಗಳಕ್ಕೆ ಮೂರು ಮೆಟ್ಟಿಲು.
ಇಳಿಜಾರು ಕಟ್ಟಿದರೆ ನನ್ನ ಕಾರು ಎಲ್ಲಿ ನಿಲ್ಲಲಿ ಎಂದ
ಒಂದನೇ ಮಹಡಿಯ ಗೋಗಿತಾ.
ಸಭೆಯಲ್ಲಿ ಎಲ್ಲರೂ ತಂತಮ್ಮ ಬೂಟು ನೋಡಿಕೊಂಡರು.
ಹೀಗಾಗಿ ಎರಡು ಅಲ್ಯೂಮಿನಿಯಂ ಹಳಿ:
ದಿನಾ ಹಾಸುತ್ತೇನೆ, ಇಳಿಸುತ್ತೇನೆ, ಎತ್ತಿಕೊಂಡು ಬರುತ್ತೇನೆ.
ತೀರಾ ಕಡಿದು. ಹಿಂದಿನಿಂದ ಹಿಡಿದಿರುವಾಗ
"ಹೊಟ್ಟೆ ಒಳಗೆಳಕೋ" ಎನ್ನುತ್ತಾಳೆ, ಗಿರಾಕಿಗೆ ಹೇಳಿದಂತೆ.
ನಾನಿಲ್ಲದ ದಿನ
ಮೂರು ಮೆಟ್ಟಿಲೂ ಮೂರು ಮೆಟ್ಟಿಲಾಗಿಯೇ ಇರುತ್ತವೆ.

ಬಾಡಿಗೆಗೆ ಬಂದ ಝುಝುನಾ ಬಾಗಿಲಲ್ಲಿ ತಡೆದಳು.
ಹೊಸ್ತಿಲ ಆಚೀಚೆ ನಿಂತು ಕೈಕುಲುಕಬಾರದು,
ಆದರೆ ಆಚೆ ಯಾವುದು, ಈಚೆ ಯಾವುದು?
ಬಣ್ಣ ಕಾಣದ ಬಿಳಿಚು ಪಟ್ಟಿಯೊಂದೇ ಇತ್ತು ಅಲ್ಲಿ.
ಒಳಬಂದು, ಪತ್ರಿಕೆ ಬಿಚ್ಚಿಸಿ, ಹೊಸ್ತಿಲನ್ನು ತೊಡೆಯ ಮೇಲಿಟ್ಟುಕೊಂಡು
ಗುಳಿಯಲ್ಲಿ ಹೆಬ್ಬೆರಳಾಡಿಸಿದಳು ತುಂಬ ಹೊತ್ತು.
ಬಾಡಿಗೆಯಲ್ಲಿ ಒಂದು ಕಾಸೂ ಬಿಡಲಿಲ್ಲ.
ಎಣಿಸಿ, ಎದ್ದು, ಆ ಕಂಬ ಹಿಡಿದು ಅಲ್ಲಾಡಿಸಿ ನೋಡಿ ಹೋದಳು.

ಬೇಕರಿಯ ಲೆಕ್ಕ ಮುಗಿಸಿ ರಾತ್ರಿ ಬರುತ್ತೇನೆ.
ಕತ್ತಲಲ್ಲಿ ನನ್ನ ಕಾಲು ತಾನಾಗಿ ಮೇಲೇಳುತ್ತದೆ,
ಇಲ್ಲದ ಹೊಸ್ತಿಲು ದಾಟಿ
ಧೊಪ್ಪೆಂದು ಬೀಳುತ್ತದೆ ನೆಲಕ್ಕೆ.
ಒಳಗೆ ಮಿಷನ್ನು ನಿಲ್ಲುತ್ತದೆ. "ಎಡವಿದೆಯಾ?"
"ಇಲ್ಲ."
"ಇಲ್ಲದ್ದನ್ನು ಎಡವೋನು ಊರಿಗೆಲ್ಲ ನೀನೊಬ್ಬನೇ."
ನಕ್ಕು, ಹಲ್ಲಿನಲ್ಲಿ ದಾರ ಕಡಿದು,
ಮತ್ತೆ ಶುರುಮಾಡುತ್ತಾಳೆ.